ಆಫೀಸು, ಕ್ಲಾಸು, ಗೋಡೆ ಮೇಲಿನ ಗೀರು: ಮೂರನ್ನೂ ಒಟ್ಟಿಗೆ ಎಳ್ಕೊಂಡು ಹೋಗೋದು ಹೇಗೆ

ಆರ್ಕಿಟೆಕ್ಚರ್ ಮುಗ್ಸಿ ನಾಲ್ಕೈದು ವರ್ಷ ಆಗಿರೋ ಹಳೇ ಸ್ಟೂಡೆಂಟ್ಸು ಫೋನ್ ಮಾಡಿದ್ರೆ ಮೊದ್ಲು ಊಟ ತಿಂಡಿ ಮಾತು, ಆಮೇಲೆ ಸ್ವಲ್ಪ ಸುಮ್ನೆ ಇರ್ತಾರೆ, ಆಮೇಲೆ ಅದೇ ಪ್ರಶ್ನೆ. "ಮೇಡಂ, ನೀವು ಪ್ರಾಕ್ಟೀಸೂ ಮಾಡ್ತೀರ, ಪಾಠನೂ ಮಾಡ್ತೀರ, ಅದ್ರ ಮೇಲೆ ಆರ್ಟು ಬೇರೆ, ಹೆಂಗ್ ಮೇಡಂ?" ಇಷ್ಟು ದಿನ "ಮಾಡ್ತಾ ಮಾಡ್ತಾ ಆಗುತ್ತೆ ಕಣೋ" ಅಂತ ಹಾರಿಕೆ ಉತ್ತರ ಕೊಟ್ಟು ತಪ್ಪಿಸ್ಕೊತಿದ್ದೆ. ಈ ಸಲ ಕೂತು ಬರ್ದಿದೀನಿ, ಯಾಕಂದ್ರೆ ಅದೇ ಪ್ರಶ್ನೆನ ಒಂದೇ ವಾರದಲ್ಲಿ ಮೂರು ಜನ ಕೇಳಿದ್ರು, ಅದ್ರಲ್ಲಿ ಒಬ್ಳು ಆಗ್ಲೇ ಕೆಲಸ ಬಿಟ್ಟಾಗಿತ್ತು.

ನನ್ನ ಲೆಕ್ಕ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ನಾಲ್ಕು ಜನರ ಆಫೀಸು, ಜಾಸ್ತಿ ಮನೆಗಳೇ. ವಾರಕ್ಕೆ ಎರಡು ದಿನ ಕಾಲೇಜಲ್ಲಿ ಡಿಸೈನ್ ಸ್ಟುಡಿಯೋ (ಹುಡುಗ್ರು ಕೂತು ಪ್ಲಾನ್ ಮಾಡಿ ಕಲಿಯೋ ಕ್ಲಾಸು) ತಗೋತೀನಿ, ವಿಸಿಟಿಂಗು, ಖಾಯಂ ಅಲ್ಲ. ಉಳಿದಂಗೆ ಸುಣ್ಣದ ಗಾರೆ ಮೇಲೆ ಕೆಂಪು ಬಳಿದು ಕೆರೆಯೋ ಕಾವಿ ಕೆಲಸ, ಅದ್ರ ವಿಷಯ ಆಮೇಲೆ ಬರುತ್ತೆ.

ಮೊದಲ್ನೇದಾಗಿ ಬ್ಯಾಲೆನ್ಸ್ ಅನ್ನೋ ಪದನ ಮರ್ತ್ಬಿಡಿ. ನಾನು ಶುರುವಿನ ಮೂರು ವರ್ಷ ಅದನ್ನೇ ಮಾಡೋಕ್ ಹೋಗಿದ್ದೆ, ಎಕ್ಸೆಲ್ ಶೀಟಲ್ಲಿ ವಾರನ ಮೂರು ಬಣ್ಣದಲ್ಲಿ ಹಂಚಿದ್ದೆ, ಹಸಿರು ಆಫೀಸು, ನೀಲಿ ಕಾಲೇಜು, ಹಳದಿ ಆರ್ಟು, ನೋಡೋಕೆ ಚೆನ್ನಾಗಿತ್ತು, ಆದ್ರೆ ಮೂರೂ ಕಡೆ ಬೈಸ್ಕೊಂಡೆ. ಕ್ಲೈಂಟ್ ಫೋನು ಕ್ಲಾಸಲ್ಲಿ ಬರುತ್ತೆ, ಸಬ್ಮಿಷನ್ ಟೈಮಲ್ಲಿ ಸೈಟ್ ಮೇಸ್ತ್ರಿ ಹುಡುಕ್ತಾ ಇರ್ತಾರೆ, ಹಳದಿ ಡಬ್ಬಿಗಳು ಮಾತ್ರ ಒಂದೊಂದಾಗಿ ಹಸಿರಾಗ್ತಾ ಹೋಗುತ್ವೆ. ಟೈಮ್ ಹಂಚಿದ್ರೆ ಆಗೋದೇ ಇದು. ಹಂಚೋ ಬದ್ಲು ಒಂದೇ ವಿಷಯನ ಮೂರೂ ಕಡೆ ಓಡಾಡೋಕೆ ಬಿಡ್ಬೇಕು. ಬೆಳಿಗ್ಗೆ ಕೈಯಲ್ಲಿ ಏನು ಇತ್ತೋ ಅದೇ ಮಧ್ಯಾಹ್ನ ಡ್ರಾಯಿಂಗಲ್ಲಿ, ಅದೇ ನಾಳೆ ಕ್ಲಾಸಲ್ಲಿ. ಆಗ ಎಲ್ಲಿ ಕೂತಿದ್ರೂ ಮೂರೂ ಕೆಲಸ ಸ್ವಲ್ಪ ಸ್ವಲ್ಪ ಮುಂದೆ ಹೋಗ್ತಾ ಇರುತ್ತೆ.

ವರ್ಷಕ್ಕೆ ಒಂದೇ ಪ್ರಶ್ನೆ ಇಟ್ಕೊಳ್ಳಿ

ಜೂನ್ ಜುಲೈಲಿ, ಸೆಮಿಸ್ಟರ್ ಶುರು ಆಗೋ ಮುಂಚೆ, ಒಂದು ಪ್ರಶ್ನೆ ಆರಿಸ್ಕೊಳ್ಳಿ. ದೊಡ್ಡ ದೊಡ್ಡ ಪದ ಬೇಡ, "ಅಸ್ಮಿತೆ", "ಸುಸ್ಥಿರತೆ" ಎಲ್ಲ ಪ್ರಶ್ನೆ ಅಲ್ಲ, ಸೆಮಿನಾರ್ ಹೆಸ್ರು. ಕೈಗೆ ಸಿಗೋ ವಸ್ತು ಇರ್ಬೇಕು. ಮೆಟ್ಟಿಲು, ಕಿಟಕಿ ದಂಡೆ, ಸೂರು, ನೀರು ಹರಿಯೋ ಜಾಗ, ಇಂಥದ್ದು. ಅಳೆಯೋಕೆ ಆಗ್ಬೇಕು, ಬಿಡಿಸೋಕೆ ಆಗ್ಬೇಕು, ಕಟ್ಟೋಕೆ ಆಗ್ಬೇಕು. ಈ ಮೂರರಲ್ಲಿ ಒಂದು ಆಗ್ದಿದ್ರೂ ಆ ಪ್ರಶ್ನೆ ಬಿಟ್ಟಾಕಿ.

ನಂದು ಒಂದು ವರ್ಷ ಜಗಲಿ. ಎರಡನೇ ವರ್ಷದ ಹುಡುಗ್ರನ್ನ ಬಸವನಗುಡಿ, ಮಲ್ಲೇಶ್ವರದ ಉಳ್ಕೊಂಡಿರೋ ಹಳೇ ಮನೆಗಳಿಗೆ ಕಳ್ಸಿದೆ, ಕೈಗೆ ಟೇಪು, ಬಟರ್ ಪೇಪರು (ಚಿತ್ರ ಎತ್ತೋ ತೆಳು ಕಾಗದ). ಎತ್ತರ ಎಷ್ಟು, ಅಗಲ ಎಷ್ಟು, ಸೂರು ಎಷ್ಟು ಮುಂದೆ ಚಾಚಿದೆ, ಬೆಳಿಗ್ಗೆ 10 ಗಂಟೆಗೆ ನೆರಳು ಎಲ್ಲಿಗೆ ಬರುತ್ತೆ, ಅಷ್ಟೇ ಕೇಳಿದ್ದು. ಎಲ್ರೂ ನೀಟಾಗಿ ಅಳೆದು ತಂದ್ರು. ಒಬ್ಬ ಹುಡುಗ ಮಾತ್ರ, ಕ್ಲಾಸಲ್ಲಿ ಯಾವಾಗ್ಲೂ ಹಿಂದೆ ಕೂರೋನು, ಅಳತೆ ಅರ್ಧಂಬರ್ಧ, ಆದ್ರೆ ಕಂಬದ ಒಂದು ಸ್ಕೆಚ್ ತಂದಿದ್ದ, ಅದ್ರಲ್ಲಿ ಒಂದು ಕಪ್ಪು ಕಲೆ. ಏನೋ ಇದು ಅಂದ್ರೆ, "ಮೇಡಂ, ತಲೆ ಒರಗಿಸಿ ಒರಗಿಸಿ ಎಣ್ಣೆ ಹಿಡ್ದಿರೋದು." ಜಗಲಿ ಮೇಲಿಂದ ಎರಡೂವರೆ ಅಡಿ ಎತ್ತರದಲ್ಲಿ, ಅಂಗೈ ಅಗಲದ ಗುರುತು. ಮೂರು ತಲೆಮಾರು ಅದೇ ಕಂಬಕ್ಕೆ ಒರಗಿ ಪೇಪರ್ ಓದಿದಾರೆ.

ಆ ಒಂದು ಕಲೆ ನನಗೆ ಇಡೀ ವರ್ಷ ಊಟ ಹಾಕ್ತು. ಕ್ಲಾಸಲ್ಲಿ ಮುಂದಿನ ಎಕ್ಸರ್ಸೈಜು ಅದೇ ಆಯ್ತು, ಕಟ್ಟಡದಲ್ಲಿ ಮೈ ತಾಗೋ ಜಾಗ ಎಲ್ಲೆಲ್ಲಿ ಅಂತ ಹುಡುಕಿ ಬರೋದು, ಬಾಗಿಲ ಚೌಕಟ್ಟು, ಮೆಟ್ಟಿಲ ಮೂಲೆ, ಸ್ವಿಚ್ ಸುತ್ತ ಇರೋ ಕೊಳೆ. ಆಫೀಸಲ್ಲಿ ಅದೇ ಟೈಮಿಗೆ ಒಂದು 30-40 ಸೈಟಿನ ಮನೆ ನಡೀತಿತ್ತು, ಓನರ್ ಅವ್ರಮ್ಮನಿಗೆ ಬಾಗಿಲ ಪಕ್ಕ ಕೂರೋಕೆ ಜಾಗ ಬೇಕು ಅಂತಿದ್ರು. ಕಾರ್ ಪಾರ್ಕಿಂಗ್ ತಿಂದು ಉಳಿದಿದ್ದು ಒಂದೂಮುಕ್ಕಾಲು ಅಡಿ ಅಗಲ. ಅಲ್ಲಿ ಸಾದರಹಳ್ಳಿ ಕಲ್ಲಿನ ಚಪ್ಪಡಿ ಹಾಕಿ ಜಗಲಿ ಮಾಡಿ, ಹಿಂದಿನ ಗೋಡೆಗೆ ಸರಿಯಾಗಿ ತಲೆ ಒರಗೋ ಎತ್ತರದಲ್ಲಿ ಸುಣ್ಣದ ಗಾರೆ ಮೇಲೆ ಕೆಂಪು ಪಟ್ಟಿ ಎಳೆದೆ, ಎಣ್ಣೆ ಕಲೆ ಕಾಣ್ಬಾರ್ದು ಅಂತ. ಇನ್ನು ನನ್ನ ಬೆಳಗಿನ ಕಾವಿ ಕೆಲಸದಲ್ಲಿ ಹನ್ನೊಂದು ಪ್ಯಾನೆಲ್ ಆಯ್ತು, ಎಲ್ಲ ಬರೀ ಒರಗಿದ ಗುರುತುಗಳು, ಮನುಷ್ಯರೇ ಇಲ್ಲ.

ಈಗ ತಪ್ಪು ಏನಾಯ್ತು ಅದನ್ನೂ ಹೇಳ್ಬೇಕಲ್ಲ. ಜಗಲಿ ಎತ್ತರ ನಾನು ರೂಢಿ ಪ್ರಕಾರ 18 ಇಂಚು ಇಟ್ಟಿದ್ದೆ. ಗೃಹಪ್ರವೇಶಕ್ಕೆ ಒಂದು ತಿಂಗಳು ಮುಂಚೆ ಆ ಅಮ್ಮ ಬಂದು ಕೂತ್ರು, ಕಾಲು ನೆಲಕ್ಕೆ ತಾಗ್ತಿಲ್ಲ, ಮಗು ಥರ ಕಾಲಾಡಿಸ್ಕೊಂಡು ಕೂತಿದಾರೆ. "ಚೆನ್ನಾಗಿದೆ ಬಿಡಮ್ಮಾ" ಅಂದ್ರು, ಪಾಪ. ಮಾರನೇ ದಿನವೇ ಚಪ್ಪಡಿ ಎತ್ತಿ 15 ಇಂಚಿಗೆ ಇಳಿಸಿದ್ವಿ, ಖರ್ಚು ನಂದೇ. ಹುಡುಗ್ರು ತಂದಿದ್ದ ಅಳತೆಗಳನ್ನ ಆಮೇಲೆ ತೆಗೆದು ನೋಡಿದ್ರೆ ಹಳೇ ಜಗಲಿಗಳಲ್ಲಿ ಕಾಲಿಡೋಕೆ ಕೆಳಗೆ ಇನ್ನೊಂದು ಮೆಟ್ಟಿಲು ಇದ್ದಿದ್ದು ಡ್ರಾಯಿಂಗಲ್ಲೇ ಇತ್ತು, ನಾನು ನೋಡಿರ್ಲಿಲ್ಲ. ಸ್ಟೂಡೆಂಟ್ ವರ್ಕನ್ನ ಮಾರ್ಕ್ಸ್ ಹಾಕಿ ಕಟ್ಟಿಡೋದಲ್ಲ, ಓದ್ಬೇಕು. ಓದಿದ್ರೆ ಆ ಖರ್ಚು ಉಳೀತಿತ್ತು.

ಯಾರ ಟೈಮು ಯಾರ ಕೈಯಲ್ಲಿದೆ

ಮೂರು ಕೆಲಸದ ಗಡಿಯಾರ ಒಂದೇ ಅಲ್ಲ. ಪಾಠದ ಟೈಮು ಕಾಲೇಜಿನ ಕೈಲಿ, ಮಂಗಳವಾರ ಅಂದ್ರೆ ಮಂಗಳವಾರ. ಪ್ರಾಕ್ಟೀಸ್ ಟೈಮು ಕ್ಲೈಂಟು, ಕಂಟ್ರಾಕ್ಟರು, ಮಳೆ, ಸ್ಯಾಂಕ್ಷನ್ ಪ್ಲಾನು, ಇವರೆಲ್ಲರ ಕೈಲಿ. ಆರ್ಟಿಗೆ ಯಾರೂ ಕೇಳೋರಿಲ್ಲ, ನೀವು ಮಾಡ್ದಿದ್ರೆ ಜಗತ್ತಿಗೇನೂ ಆಗಲ್ಲ, ಅದಕ್ಕೇ ಅದು ಮೊದ್ಲು ಸಾಯೋದು. ಹಾಗಾಗಿ ಯಾರೂ ಕೇಳ್ದಿರೋದಕ್ಕೆ ದಿನದ ಮೊದಲ ಭಾಗ ಕೊಡಿ. ದೊಡ್ಡ ಆರ್ಕಿಟೆಕ್ಟ್ ಲ ಕಾರ್ಬುಸಿಯೇ ವರ್ಷಗಟ್ಟಲೆ ಹಾಗೇ ಮಾಡ್ದ, ಬೆಳಿಗ್ಗೆ ಮನೇಲಿ ಪೇಂಟಿಂಗು, ಮಧ್ಯಾಹ್ನದ ಮೇಲೆ ಪ್ಯಾರಿಸಿನ ರೂ ದ ಸೆವ್ರ್ ಬೀದಿಯ ಆಫೀಸು. ಅವನಿಗೇನು, ಬೆಳಿಗ್ಗೆ ಹಾಲಿನವ್ನು, ಟ್ಯಾಂಕರಿನವ್ನು, ಮಕ್ಕಳ ಸ್ಕೂಲ್ ವ್ಯಾನು ಇರ್ಲಿಲ್ಲ ಅನ್ಬೋದು. ಹೌದು. ಅದಕ್ಕೇ ನಾನು ದಿನಾ ಅನ್ನಲ್ಲ, ವಾರಕ್ಕೆ ಮೂರು ದಿನ, 5:30ಯಿಂದ 7:30, ಫೋನು ಅಡುಗೆಮನೇಲಿ. ಅಷ್ಟು ಸಾಕು. ಒಂದು ವರ್ಷಕ್ಕೆ 300 ಗಂಟೆ ಆಗುತ್ತೆ, ಲೆಕ್ಕ ಹಾಕಿ ನೋಡಿ.

ಪಾಠದ ದಿನಗಳನ್ನ ಕ್ಲೈಂಟ್ ಜೊತೆ ಅಗ್ರಿಮೆಂಟಲ್ಲೇ ಬರೀರಿ. ನಾನು ಬರೆಯೋದು ಒಂದೇ ಸಾಲು, ಮಂಗಳವಾರ ಶುಕ್ರವಾರ ಸೈಟಿಗೆ ಬರಲ್ಲ, ಆ ದಿನ ಸ್ಲ್ಯಾಬ್ ಹಾಕಂಗಿಲ್ಲ. ಇದು ಯಾಕೆ ಬಂತು ಅಂದ್ರೆ, ಒಂದ್ಸಲ ಫೈನಲ್ ಜ್ಯೂರಿ (ಹೊರಗಿನವರು ಬಂದು ಹುಡುಗ್ರ ಕೆಲಸ ನೋಡೋದು) ದಿನವೇ ಒಂದು ಸೈಟಲ್ಲಿ ಸ್ಲ್ಯಾಬ್ ಇಟ್ಕೊಂಡ್ರು, ಮಿಕ್ಸರ್ ಬಂದಿದೆ, ಜನ ಬಂದಿದಾರೆ, ಇವತ್ತೇ ಹಾಕ್ಬೇಕು ಅಂತ. ನಾನು ಬೆಳಿಗ್ಗೆ 7ಕ್ಕೆ ಹೋಗಿ ಕಂಬಿ ಚೆಕ್ ಮಾಡಿ, ಸೆಂಟ್ರಿಂಗ್ ಲೆವೆಲ್ ನೋಡಿ ಜ್ಯೂರಿಗೆ ಓಡ್ದೆ. ಸಂಜೆ ಬಂದು ನೋಡಿದ್ರೆ ಮೆಟ್ಟಿಲ ಲ್ಯಾಂಡಿಂಗು ನಾಲ್ಕು ಇಂಚು ಕೆಳಗೆ, ನಾನು ಹೋದ್ಮೇಲೆ ಯಾರೋ ಕೆಳಗಿನ ಆಸರೆ ಕಂಬ (ಪ್ರಾಪ್) ಸರಿ ಮಾಡ್ತೀನಿ ಅಂತ ಇಳಿಸಿದಾರೆ. "ಮೇಡಂ, ನೀವಿರ್ಲಿಲ್ವಲ್ಲ" ಅಂದ್ರು ಮೇಸ್ತ್ರಿ. ಬೈಯೋಕೆ ಬಾಯೇ ಬರ್ಲಿಲ್ಲ, ಸತ್ಯ ತಾನೆ. ಕೆಳಗೆ ಓಡಾಡೋ ಜಾಗದಲ್ಲಿ ತಲೆ ತಾಗೋ ಹಾಗಾಗಿ ಅಲ್ಲಿ ಸ್ಟೋರ್ ಮಾಡಿ ಪ್ಲಾನೇ ಬದಲಾಯಿಸ್ಬೇಕಾಯ್ತು. ಆ ಲ್ಯಾಂಡಿಂಗಿನ ಸೆಕ್ಷನ್ ಡ್ರಾಯಿಂಗು (ಕತ್ತರಿಸಿ ನೋಡಿದ ಹಾಗಿನ ಚಿತ್ರ), ಹೇಗಿರ್ಬೇಕಿತ್ತು ಹೇಗಾಯ್ತು ಅಂತ ಎರಡೂ, ಈಗ್ಲೂ ಪ್ರತಿ ವರ್ಷ ಕ್ಲಾಸಲ್ಲಿ ತೋರಿಸ್ತೀನಿ. ಇಡೀ ಕೋರ್ಸಲ್ಲಿ ಹುಡುಗ್ರು ನಿದ್ದೆ ಮಾಡ್ದೆ ಕೇಳೋ ಲೆಕ್ಚರ್ ಅದೊಂದೇ ಅನ್ಸುತ್ತೆ.

ಪುಸ್ತಕ ಒಂದೇ ಇರ್ಲಿ. ಸೈಟ್ ನೋಟ್ಸಿಗೆ ಒಂದು, ಸ್ಕೆಚ್ಚಿಗೆ ಒಂದು, ಕ್ಲಾಸಿಗೆ ಒಂದು ಅಂತ ಬೇಡ. ನನ್ನ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಸಿಮೆಂಟ್ ಮೂಟೆ ಲೆಕ್ಕ, ಒಬ್ಬ ಸ್ಟೂಡೆಂಟ್ ಪ್ಲಾನಿನ ತಿದ್ದುಪಡಿ, ಪಕ್ಕದಲ್ಲಿ ಕಾಗೆ ಚಿತ್ರ ಇರುತ್ತೆ. ಗಲೀಜು, ಆದ್ರೆ ಹುಡುಕೋಕೆ ತಾರೀಖು ಸಾಕು, ಮತ್ತೆ ಒಂದರ ಪಕ್ಕ ಇನ್ನೊಂದು ಕಣ್ಣಿಗೆ ಬೀಳುತ್ತಲ್ಲ, ಅದೇ ಬೇಕಾಗಿರೋದು.

ಪಾಠ ಮಾಡೋಕೆ ಹೋಗೋ ಮುಂಚೆ

ಖಾಯಂ ಪೋಸ್ಟಿಗೆ ಎಂ.ಆರ್ಕ್ (ಆರ್ಕಿಟೆಕ್ಚರ್ ಮಾಸ್ಟರ್ಸ್) ಕೇಳ್ತಾರೆ, ವಿಸಿಟಿಂಗಿಗೆ ನಿಮ್ಮ ಕೆಲಸದ ಅನುಭವ ನೋಡ್ತಾರೆ. ಪ್ರಾಕ್ಟೀಸ್ ಬಿಡೋ ಮನಸ್ಸಿಲ್ದಿದ್ರೆ ವಿಸಿಟಿಂಗೇ ಸರಿ. ದುಡ್ಡಿಗೋಸ್ಕರ ಹೋಗ್ಬೇಡಿ, ಗಂಟೆ ಲೆಕ್ಕದಲ್ಲಿ ಕೊಡೋದು ಪೆಟ್ರೋಲು, ಪ್ರಿಂಟು ಕಳೆದ್ರೆ ಬೆಂಗಳೂರು ಟ್ರಾಫಿಕ್ಕಲ್ಲಿ ಕೂತಿದ್ದಕ್ಕೂ ಸಾಲಲ್ಲ. ಹಾಗಾದ್ರೆ ಯಾಕೆ? ನಂಗಂತೂ, ಆಫೀಸಲ್ಲಿ ಯಾರೂ "ಯಾಕೆ" ಅಂತ ಕೇಳಲ್ಲ, ಎಷ್ಟು, ಯಾವಾಗ ಅಂತ ಕೇಳ್ತಾರೆ. ಹತ್ತೊಂಬತ್ತು ವರ್ಷದ ಹುಡುಗಿ "ಮೇಡಂ, ಬಾಲ್ಕನಿ ಯಾಕೆ ಬೇಕು, ಯಾರೂ ಕೂರಲ್ಲ ಅಲ್ಲಿ" ಅಂತ ಕೇಳಿದ್ಮೇಲೆ ನಾನು ಆರು ತಿಂಗಳು ಸುಮ್ನೆ ಬಾಲ್ಕನಿ ಹಾಕೋದು ನಿಲ್ಸಿದ್ದೆ.

ಜಾಗ ಹುಡುಕೋದು ಕಷ್ಟ ಅಲ್ಲ. ಮೊದ್ಲು ಯಾವುದಾದ್ರೂ ಕಾಲೇಜಿಗೆ ಜ್ಯೂರಿಗೆ ಹೋಗಿ. ಜ್ಯೂರಿಗೆ ಹೊರಗಿನವರು ಬೇಕೇ ಬೇಕು, ಮತ್ತೆ ಹೇಳಿದ ಟೈಮಿಗೆ ಬರೋ ಆರ್ಕಿಟೆಕ್ಟುಗಳು ಕಮ್ಮಿ, ನೀವು ಬಂದ್ರೆ ಅಷ್ಟಕ್ಕೇ ನಿಮ್ಮ ಹೆಸ್ರು ನೆನಪಿಟ್ಕೊತಾರೆ. ಎರಡು ಮೂರು ಜ್ಯೂರಿ ಆದ್ಮೇಲೆ ಒಂದು ಸಣ್ಣ ಇಲೆಕ್ಟಿವ್ (ಹುಡುಗ್ರು ತಾವೇ ಆರಿಸ್ಕೊಳ್ಳೋ ವಿಷಯ) ಕೇಳಿ, ಆಮೇಲೆ ಸ್ಟುಡಿಯೋ.

ಸ್ಟುಡಿಯೋದಲ್ಲಿ ನಾನು ಕಲ್ತಿದ್ದು, ಹುಡುಗ್ರ ಶೀಟ್ ಮೇಲೆ ಪೆನ್ ಇಡ್ಬೇಡಿ. ಬಟರ್ ಪೇಪರ್ ಹಾಸಿ ಅದ್ರ ಮೇಲೆ ಬಿಡ್ಸಿ, ಮುಗಿದ್ಮೇಲೆ ಆ ಬಟರ್ ಪೇಪರ್ ಅವರಿಗೇ ಕೊಟ್ಬಿಡಿ, ಬೇಕಾದ್ರೆ ಇಟ್ಕೊತಾರೆ ಇಲ್ದಿದ್ರೆ ಎಸೀತಾರೆ. ಶೀಟ್ ಮೇಲೇ ಗೀಚಿದ್ರೆ ಅದು ನಿಮ್ಮ ಪ್ಲಾನ್ ಆಗೋಗುತ್ತೆ, ಮುಂದಿನ ವಾರ ಅವರು ನಿಮ್ಮನ್ನೇ ನಿಮಗೆ ತೋರಿಸ್ತಾರೆ. ಇನ್ನೊಂದು, ಆಫೀಸಿನ ಲೈವ್ ಪ್ರಾಜೆಕ್ಟನ್ನ ಕ್ಲಾಸಿಗೆ ಎಕ್ಸರ್ಸೈಜ್ ಅಂತ ಕೊಡೋದು, ಆಮೇಲೆ ಚೆನ್ನಾಗಿರೋ ಐಡಿಯಾ ಎತ್ಕೊಳ್ಳೋದು, ದಯವಿಟ್ಟು ಮಾಡ್ಬೇಡಿ. ಮೂರನ್ನೂ ಒಂದೇ ವಿಷಯದಲ್ಲಿ ಕಟ್ಟಿ ಅಂತ ನಾನೇ ಹೇಳಿದ್ನಲ್ಲ, ಅಲ್ಲಿ ಜಾರೋ ಜಾಗ ಇದೇ. ಪ್ರಶ್ನೆ ಹಂಚ್ಕೊಬೋದು, ಕ್ಲೈಂಟನ್ನಲ್ಲ. ಹುಡುಗ್ರ ಕೆಲಸದಿಂದ ಏನಾದ್ರೂ ತಗೊಂಡ್ರೆ ಹೆಸ್ರು ಹಾಕಿ. ಆ ಎಣ್ಣೆ ಕಲೆ ಪ್ಯಾನೆಲ್‌ಗಳನ್ನ ಪ್ರದರ್ಶನಕ್ಕೆ ಇಟ್ಟಾಗ ಗೋಡೆ ಮೇಲಿನ ಚೀಟಿಯಲ್ಲಿ ಆ ಹಿಂದಿನ ಬೆಂಚಿನ ಹುಡುಗನ ಹೆಸ್ರಿತ್ತು, ಅವನ ಅಪ್ಪ ಅಮ್ಮ ದಾವಣಗೆರೆಯಿಂದ ಬಂದು ಚೀಟಿ ಫೋಟೋ ತೆಗೊಂಡ್ರು, ಚಿತ್ರದ್ದಲ್ಲ.

ಬಿ.ವಿ. ದೋಶಿ ಅವರನ್ನ ಈ ವಿಷಯಕ್ಕೆ ಎಲ್ರೂ ಹೆಸ್ರಿಸ್ತಾರೆ, ಸರಿನೇ. 1950ರ ದಶಕದ ಶುರುವಲ್ಲಿ ಪ್ಯಾರಿಸಲ್ಲಿ ಕಾರ್ಬುಸಿಯೇ ಹತ್ರ ಕೆಲಸ, ಆಮೇಲೆ ಅಹಮದಾಬಾದಲ್ಲಿ ಸ್ವಂತ ಆಫೀಸು, 1962ರಲ್ಲಿ ಅಲ್ಲೇ ಆರ್ಕಿಟೆಕ್ಚರ್ ಸ್ಕೂಲು ಶುರು, ಅದೇ ಇವತ್ತಿನ ಸೆಪ್ಟ್ ಯೂನಿವರ್ಸಿಟಿ. 2018ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಜ್ಕರ್ ಬಂದಾಗ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ. ಎಂ.ಎಫ್. ಹುಸೇನ್ ಜೊತೆ ಸೇರಿ ಮಾಡಿದ ಅಮ್ದಾವಾದ್ ನಿ ಗುಫಾ ನೋಡಿದ್ರೆ ಆರ್ಕಿಟೆಕ್ಚರ್ ಎಲ್ಲಿ ಮುಗೀತು ಚಿತ್ರ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ, ನೆಲದೊಳಗಿನ ಫೆರೋಸಿಮೆಂಟ್ (ತಂತಿ ಜಾಲರಿ ಮೇಲೆ ಸಿಮೆಂಟ್ ಗಾರೆ) ಗುಹೆ, ಗೋಡೆ ಮೇಲೇ ಹುಸೇನ್ ಬಿಡಿಸಿರೋದು. ಅಷ್ಟು ದೂರ ಹೋಗೋಕೆ ಆಗ್ದಿರೋರು ಬನ್ನೇರುಘಟ್ಟ ರೋಡಿನ ಐಐಎಂಗೆ ಹೋಗಿ, ಅದೂ ಅವರದ್ದೇ, ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಪರ್ಗೋಲಾ, ನಡೀತಾ ನಡೀತಾ ಬೆಳಕು ಬದಲಾಗೋದು. ಪ್ರವೇಶಕ್ಕೆ ಮುಂಚೆ ಕೇಳ್ಕೊಂಡು ಹೋಗಿ ಅಷ್ಟೆ. ಆದ್ರೆ ದೋಶಿ ಥರ ಆಗ್ತೀನಿ ಅಂತ ಸ್ಕೂಲೇ ಕಟ್ಟೋಕೆ ಹೋಗ್ಬೇಡಿ. ಆರ್ಕಿಟೆಕ್ಟ್ ಲಾರಿ ಬೇಕರ್ ಯಾವ ಸ್ಕೂಲೂ ನಡ್ಸ್ದೇ, ಕೇರಳದಲ್ಲಿ ಕೂತು ಕಾರ್ಟೂನ್ ಥರ ಚಿತ್ರ ಹಾಕಿ ಸಣ್ಣ ಸಣ್ಣ ಪುಸ್ತಿಕೆ ಮಾಡಿ, ಇಟ್ಟಿಗೆ ಹೇಗೆ ಉಳಿಸೋದು ಅಂತ ಊರಿಗೇ ಪಾಠ ಮಾಡಿದ್ರು. ಅದೂ ಒಂದು ಕ್ಲಾಸ್‌ರೂಮೇ.

ಆರ್ಟು ಅಂದ್ರೆ ಯಾವ್ದು

ಇಲ್ಲಿ ನಂದು ಸ್ವಲ್ಪ ಹಟದ ಅಭಿಪ್ರಾಯ. ನಿಮ್ಮ ಆರ್ಟು ನಿಮ್ಮ ಸೈಟಿಗೆ ಹತ್ರದ ಸಾಮಾನಲ್ಲಿ ಇರ್ಬೇಕು. ಕಟ್ಟಡಗಳ ವಾಟರ್‌ಕಲರ್ ಚೆಂದ, ಆದ್ರೆ ಅದು ರಜಾ ದಿನದ ಆರ್ಟು. ಮಣ್ಣು, ಸುಣ್ಣ, ಕಬ್ಬಿಣ, ಮರ, ಯಾವುದಾದ್ರೂ ಒಂದನ್ನ ಹಿಡ್ಕೊಂಡ್ರೆ ಬೆಳಿಗ್ಗೆ ಕೈ ಕಲಿತಿದ್ದು ಮಧ್ಯಾಹ್ನ ಸೈಟಲ್ಲಿ ಮೇಸ್ತ್ರಿ ಜೊತೆ ಮಾತಾಡೋಕೆ ಆಗುತ್ತೆ.

ನನ್ನ ಅಜ್ಜಿಮನೆ ಕುಮಟಾ ಕಡೆ. ಆ ಕಡೆ ಹಳೇ ದೇವಸ್ಥಾನ, ಮನೆಗಳ ಗೋಡೆ ಮೇಲೆ ಕಾವಿ ಕಲೆ ಇರುತ್ತೆ, ಉತ್ತರ ಕನ್ನಡದಿಂದ ಗೋವಾ ತನಕ ಕಾಣ್ಸುತ್ತೆ. ಬಿಳೀ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಕೆಂಪು ಪದರ, ಅದು ಹಸಿ ಇರೋವಾಗ್ಲೇ ಚೂಪಾದ ಕಬ್ಬಿಣದಲ್ಲಿ ಗೀರಿ, ಬೇಡದ ಕೆಂಪು ಕೆರೆದು ತೆಗೀತಾರೆ, ಕೆಳಗಿನ ಬಿಳಿ ಕಾಣುತ್ತೆ. ಎರಡೇ ಬಣ್ಣ. ಚಿಕ್ಕವ್ಳಿದ್ದಾಗ ಅದನ್ನ ಬರೀ ಪೇಂಟು ಅನ್ಕೊಂಡಿದ್ದೆ.

ಮನೇಲಿ ಮಾಡಿ ನೋಡೋರಿಗೆ ಹೀಗೆ ಹೇಳ್ತೀನಿ. ಗೋಡೆಗೆ ಹೋಗ್ಬೇಡಿ ಮೊದ್ಲೇ, ಒಡೆದ ನೆಲದ ಹೆಂಚು ತಗೊಳ್ಳಿ, ಸುಟ್ಟ ಮಣ್ಣಿಂದು, ಗ್ಲೇಜ್ ಇರ್ಬಾರ್ದು. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಇಲ್ಲಾಂದ್ರೆ ಗಾರೆಯ ನೀರನ್ನೆಲ್ಲ ಹೆಂಚೇ ಕುಡಿಯುತ್ತೆ. ಸುಣ್ಣ ಅರಳಿಸಿದ್ದು, ನೀರಲ್ಲಿ ಮುಳುಗಿಸಿ ವಾರಗಟ್ಟಲೆ ಇಟ್ಟಿದ್ದು, ಬೆಣ್ಣೆ ಥರ ಆಗಿರ್ಬೇಕು. ಹೊಸದಾಗಿ ಅರಳಿಸೋಕೆ ಹೋಗೋದಾದ್ರೆ ಹುಷಾರು, ಸುಟ್ಟ ಸುಣ್ಣಕ್ಕೆ ನೀರು ಬಿದ್ರೆ ಕುದಿಯುತ್ತೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಇಲ್ದೆ ಮುಟ್ಟಬೇಡಿ, ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರೀಬೇಡಿ. ಜರಡಿ ಹಿಡಿದ ಸಣ್ಣ ಮರಳು ಸೇರ್ಸಿ, ಬೆಲ್ಲದ ನೀರಲ್ಲಿ ಕಲಸ್ತಾರೆ, ಅದು ಹಳೇ ರೂಢಿ. ಅದನ್ನ ಹೆಂಚಿನ ಮೇಲೆ ಬೆರಳ ದಪ್ಪದಷ್ಟು ಎಳೀರಿ, ಚೆನ್ನಾಗಿ ಒತ್ತಿ. ಸ್ವಲ್ಪ ಬಿಗಿಯಾಗೋವಾಗ, ಬೆರಳಿಟ್ರೆ ಗುರುತು ಬೀಳ್ಬೇಕು ಆದ್ರೆ ಅಂಟ್ಬಾರ್ದು, ಆಗ ಸುಣ್ಣದ ತಿಳಿಯಲ್ಲಿ ಕಲಸಿದ ಕೆಂಪನ್ನ ತೆಳ್ಳಗೆ ಬಳೀರಿ. ಆಮೇಲೆ ಗೀರೋದು. ನಯವಾದ ಹೊಳೆಕಲ್ಲಲ್ಲಿ ತಿಕ್ಕಿದ್ರೆ ಹೊಳಪು ಬರುತ್ತೆ.

ಹೇಳೋಕೆ ಸುಲಭ. ನನ್ನ ಮೊದಲ ಪ್ಯಾನೆಲ್ ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಮೇಲೆ ಮಾಡ್ದೆ, ಗಾರೆ ಎಳೆದು ಕಾಫಿ ಕುಡಿದು ಬರೋಷ್ಟರಲ್ಲಿ ಒಣಗಿತ್ತು, ಗೊತ್ತಾಗ್ಲಿಲ್ಲ, ಬಳಿದೆ, ಗೀರ್ದೆ, ಫೋಟೋ ತೆಗ್ದು ನಾಲ್ಕು ಜನಕ್ಕೆ ಕಳ್ಸಿದೆ. ಮಾರನೇ ದಿನ ಬೆರಳಿಟ್ರೆ ಕೆಂಪೆಲ್ಲ ಕುಂಕುಮದ ಥರ ಕೈಗೆ ಬಂತು. ಕಾರಣ ಏನಂದ್ರೆ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಸುಣ್ಣಕಲ್ಲಾಗುತ್ತೆ, ಹಾಗಾಗೋವಾಗ ಮೇಲಿರೋ ಬಣ್ಣದ ಕಣನ ತನ್ನೊಳಗೆ ಹಿಡ್ಕೊಳ್ಳುತ್ತೆ. ಹಸಿ ಇರೋವಾಗ ಬಳಿದ್ರೆ ಬಣ್ಣ ಗೋಡೆಯದ್ದೇ ಆಗುತ್ತೆ, ಒಣಗಿದ್ಮೇಲೆ ಬಳಿದ್ರೆ ಬರೀ ಧೂಳು. ಹಾಗಾಗಿ ಒದ್ದೆ ಗೋಣಿಚೀಲ ಪಕ್ಕದಲ್ಲೇ ಇಟ್ಕೊಳ್ಳಿ, ಬಿಸಿಲು ಬಿಟ್ಟು ಮಾಡಿ, ಎಷ್ಟು ಗೀರೋಕೆ ಆಗುತ್ತೋ ಅಷ್ಟೇ ಗಾರೆ ಎಳೀರಿ.

ಇದು ನಂಗೆ ಎಲ್ಲೆಲ್ಲಿ ಉಪಯೋಗಕ್ಕೆ ಬಂತು ನೋಡಿ. ಸೈಟಲ್ಲಿ ಕ್ಯೂರಿಂಗ್ ವಿಷಯಕ್ಕೆ ನಾನೀಗ ಜಗಳ ಆಡೋ ರೀತಿನೇ ಬೇರೆ, ಗಾರೆಯವ್ರ ಮುಂದೆ ಕೈಯಲ್ಲಿ ಮುಟ್ಟಿ ಹೇಳ್ತೀನಿ, ಅವರೂ "ಮೇಡಂಗೆ ಗೊತ್ತು" ಅಂತ ಸುಮ್ನಾಗ್ತಾರೆ. ಕ್ಲಾಸಲ್ಲಿ ಮೆಟೀರಿಯಲ್ಸ್ ಇಲೆಕ್ಟಿವ್‌ಗೆ ಒಬ್ಬೊಬ್ರಿಗೆ ಒಂದೊಂದು ಹೆಂಚು, ಖರ್ಚು ಹೆಚ್ಚು ಕಮ್ಮಿ ಏನೂ ಇಲ್ಲ, ಮೂವತ್ತು ಹೆಂಚಲ್ಲಿ ಇಪ್ಪತ್ತು ಪುಡಿಯಾಗುತ್ತೆ, ಆ ಇಪ್ಪತ್ತು ಜನರೇ ಸುಣ್ಣ ಅಂದ್ರೇನು ಅಂತ ಸರಿಯಾಗಿ ಕಲಿಯೋದು.

ತೋರಿಸೋ ವಿಷಯ. ಗ್ಯಾಲರಿಗೆ ಓಡೋ ಮುಂಚೆ ಜನವರಿಯಲ್ಲಿ ಕುಮಾರಕೃಪಾ ರೋಡಲ್ಲಿ ಚಿತ್ರಕಲಾ ಪರಿಷತ್ತಿನವರು ಮಾಡೋ ಚಿತ್ರಸಂತೆಲಿ ಒಂದ್ಸಲ ಕೂತು ನೋಡಿ. ಇಡೀ ದಿನ ರಸ್ತೆ ಬದಿ. ಆರ್ಕಿಟೆಕ್ಟ್ ಅನ್ನೋ ಜಂಬ ಮಧ್ಯಾಹ್ನ 12ರೊಳಗೆ ಇಳಿಯುತ್ತೆ. ಒಬ್ರು ನನ್ನ ಪ್ಯಾನೆಲ್ ನೋಡಿ "ಇದು ಬಾತ್ರೂಮ್ ಟೈಲ್ಸಾ?" ಅಂದ್ರು, ಇನ್ನೊಬ್ರು ಹತ್ತು ನಿಮಿಷ ನಿಂತು ಏನೂ ಮಾತಾಡ್ದೆ "ನಮ್ಮಜ್ಜಿ ಕೂರ್ತಿದ್ದಿದ್ದು ಹಿಂಗೇ" ಅಂತ ಹೇಳಿ ಹೊರಟ್ಹೋದ್ರು. ಎರಡನ್ನೂ ಪುಸ್ತಕದಲ್ಲಿ ಬರ್ಕೊಂಡಿದೀನಿ.

ದುಡ್ಡು, ಕಾಗದ

ಇದನ್ನ ಬೇಗ ಮುಗಿಸ್ತೀನಿ, ನಂಗೂ ಬೇಜಾರು. ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್‌ಗೂ ಮೂರು ಕೆಲಸ ಇತ್ತು, ಫಿಲಡೆಲ್ಫಿಯಾದಲ್ಲಿ ಆಫೀಸು, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಲಿ ಪಾಠ, ಈಜಿಪ್ಟು ಗ್ರೀಸಿಗೆ ಹೋದಾಗ ಮಾಡಿದ ಪ್ಯಾಸ್ಟೆಲ್ ಚಿತ್ರಗಳು, ನಮ್ಮ ಅಹಮದಾಬಾದ್ ಐಐಎಂ ಬೇರೆ. 1974ರ ಮಾರ್ಚಲ್ಲಿ ಭಾರತದಿಂದ ವಾಪಸ್ ಹೋಗ್ತಾ ನ್ಯೂಯಾರ್ಕಿನ ಪೆನ್ ಸ್ಟೇಷನ್ನಲ್ಲಿ ತೀರ್ಕೊಂಡಾಗ ಆಫೀಸ್ ತಲೆ ಮೇಲೆ ಲಕ್ಷಾಂತರ ಡಾಲರ್ ಸಾಲ. ಅಷ್ಟು ದೊಡ್ಡವರಿಗೇ ಹಾಗೆ. ಮೂರೂ ಕೆಲಸದ ದುಡ್ಡು ಒಂದೇ ಅಕೌಂಟಿಗೆ ಬಂದ್ರೆ ಯಾವುದು ಯಾವುದನ್ನ ಸಾಕ್ತಿದೆ ಗೊತ್ತಾಗಲ್ಲ, ಬೇರೆ ಬೇರೆ ಇಡಿ. ಪ್ರೊಫೆಷನಲ್ ಫೀಸಲ್ಲಿ 10 ಪರ್ಸೆಂಟ್ ಟಿಡಿಎಸ್ ಹಿಡಿದಿರ್ತಾರೆ, ಮಾರ್ಚಲ್ಲಿ ಹುಡುಕ್ತಾ ಕೂರೋ ಬದ್ಲು ಬಂದಾಗ್ಲೇ ಬರ್ಕೊಳ್ಳಿ. ಜಿಎಸ್‌ಟಿಗೆ ಸರ್ವೀಸ್ ಮಾಡೋರಿಗೆ ವರ್ಷಕ್ಕೆ 20 ಲಕ್ಷದ ಗೆರೆ ಇದ್ಯಲ್ಲ, ಅದು ನಿಮ್ಮ ಪ್ಯಾನ್ ನಂಬರ್ ಮೇಲೆ ಬರೋ ಒಟ್ಟು ಲೆಕ್ಕ, ಚಿತ್ರ ಮಾರಿದ್ದನ್ನ ಬೇರೆ ಅನ್ಕೊಂಡು ಬಿಟ್ಬಿಡ್ಬೇಡಿ. ಮಿಕ್ಕಿದ್ದು ಸಿಎ ಹತ್ರ ಕೇಳಿ.

ಕಾಪಿರೈಟ್ ಮಾತ್ರ ನೀವೇ ತಿಳ್ಕೊಬೇಕು, ಯಾಕಂದ್ರೆ ಎರಡೂ ಟೋಪಿ ಹಾಕ್ಕೊಂಡೋರಿಗೆ ಇದು ವಿಚಿತ್ರವಾಗಿ ಸಿಕ್ಕಾಕ್ಕೊಳ್ಳುತ್ತೆ. ನೀವಾಗೇ ಮಾಡಿದ ಚಿತ್ರ ಯಾರಿಗಾದ್ರೂ ಮಾರಿದ್ರೆ ವಸ್ತು ಅವರದ್ದು, ಹಕ್ಕು ನಿಮ್ದೇ. ಆದ್ರೆ ದುಡ್ಡು ಕೊಟ್ಟು "ನಮ್ಮನೆ ಗೋಡೆಗೆ ಪೇಂಟಿಂಗ್ ಮಾಡ್ಕೊಡಿ" ಅಂತ ಮಾಡ್ಸಿದ್ರೆ, ಬೇರೆ ಒಪ್ಪಂದ ಇಲ್ದಿದ್ರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಮೊದಲ ಹಕ್ಕುದಾರರು ಮಾಡ್ಸಿದೋರು. ಮನೆ ಅಗ್ರಿಮೆಂಟಲ್ಲೇ ಮ್ಯೂರಲ್ನೂ (ಗೋಡೆ ಮೇಲಿನ ಕಲಾಕೃತಿ) ಸೇರ್ಸಿ ಸುಮ್ನಿರ್ಬೇಡಿ, ಅದಕ್ಕೆ ಬೇರೆ ಒಂದು ಪುಟ ಬರೀರಿ.

ಒಡೆಯೋ ವಿಷಯ ಇನ್ನೂ ಮಜಾ ಇದೆ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಮ್ಯೂರಲ್ ಇತ್ತು, 1979ರಲ್ಲಿ ಕಿತ್ತಾಕಿದ್ರು, ಅವರು ಕೋರ್ಟಿಗೆ ಹೋಗಿ 2005ರಲ್ಲಿ ದೆಹಲಿ ಹೈಕೋರ್ಟಲ್ಲಿ ಗೆದ್ರು, ಕಲಾವಿದರ ನೈತಿಕ ಹಕ್ಕು ಅಂತ, ಅಂದ್ರೆ ಮಾರಿದ್ಮೇಲೂ ಕೃತಿನ ಹಾಳು ಮಾಡ್ಬಾರ್ದು ಅನ್ನೋ ಹಕ್ಕು. ಅದೇ ದೆಹಲಿಯಲ್ಲಿ ಆರ್ಕಿಟೆಕ್ಟ್ ರಾಜ್ ರೇವಲ್ ಅವರ ಹಾಲ್ ಆಫ್ ನೇಷನ್ಸ್, 1972ರ ಕಟ್ಟಡ, 2017ರಲ್ಲಿ ಒಡೆದ್ರು, ಅವರೂ ಅದೇ ಹೈಕೋರ್ಟಿಗೆ ಹೋದ್ರು, 2019ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಅಂದ್ರೆ ನಾನು ಕಟ್ಟಿದ ಮನೆ ಒಡೆದ್ರೆ ನಾನು ಬಾಯಿ ಮುಚ್ಕೊಂಡಿರ್ಬೇಕು, ಅದೇ ಮನೆ ಗೋಡೆ ಮೇಲೆ ನಾನು ಗೀರಿದ್ದನ್ನ ಒಡೆದ್ರೆ ಕೇಳೋಕೆ ಒಂದು ದಾರಿ ಇದೆ. ಕೋರ್ಟಿಗೆ ಹೋಗೋ ತಾಳ್ಮೆ ನಂಗಿಲ್ಲ. ಹಾಗಾಗಿ ಮ್ಯೂರಲ್ ಪುಟದಲ್ಲಿ ಕೊನೇ ಸಾಲು ಒಂದು ಸೇರ್ಸಿರ್ತೀನಿ, ಗೋಡೆ ಒಡೆಯೋದಾದ್ರೆ ಒಂದು ತಿಂಗಳು ಮುಂಚೆ ನಂಗೆ ಫೋನ್ ಮಾಡ್ಬೇಕು.

ಹೋದ ವರ್ಷ ಒಬ್ರು ನಿಜವಾಗ್ಲೂ ಮಾಡಿದ್ರು, ಮನೆ ಬಿಲ್ಡರಿಗೆ ಕೊಟ್ಟಾಗಿತ್ತು. ಶನಿವಾರ ನಾನು, ಆಫೀಸಿನ ಹುಡುಗ, ಐದು ಜನ ಸ್ಟೂಡೆಂಟ್ಸು, ಹಳೇ ಗಾರೆ ಮೇಸ್ತ್ರಿ ಒಬ್ರು ಹೋಗಿ ಗೋಡೆ ಸಮೇತ ಕಟ್ ಮಾಡಿ ತೆಗೆದ್ವಿ, ಇಳಿಸೋವಾಗ ಎರಡು ತುಂಡಾಯ್ತು. ಈಗ ಸ್ಟುಡಿಯೋ ಹಿಂದಿನ ಗೋಡೆಗೆ ಒರಗಿಸಿಟ್ಟಿದೀವಿ. ಒಡೆದ ಅಂಚಲ್ಲಿ ಇಟ್ಟಿಗೆ, ಒರಟು ಗಾರೆ, ನಯ ಗಾರೆ, ಕೂದಲೆಳೆ ದಪ್ಪದ ಕೆಂಪು, ಎಲ್ಲ ಸಾಲಾಗಿ ಕಾಣುತ್ತೆ, ಸೆಕ್ಷನ್ ಡ್ರಾಯಿಂಗ್ ಬಿಡಿಸೋ ಮೊದಲ ಕ್ಲಾಸು ಈಗ ಅದ್ರ ಮುಂದೆನೇ ತಗೊಳ್ಳೋದು.